ವಿಮಾನದ ಬಯಲಿನ ಡ್ರಿಲ್ ಮೇಷ್ಟ್ರು

ಕಳೆದ ವಾರ ಕೆ. ಹೊಸಕೋಟೆಯಲ್ಲಿ ಆಲೂರಿನ ಬಸ್ಸಿಗೆ ಕಾಯುತ್ತಾ ನಿಂತಿದ್ದೆ. ರಸ್ತೆಯ ಗುಂಡಿ ಮುಚ್ಚುವವರು ಎದುರಿಗೇ ಡ್ರಮ್ಮಿನ ಕೆಳಗೆ ಬೆಂಕಿ ಹಾಕಿ ಡಾಂಬರು ಕಾಯಿಸುತ್ತಿದ್ದರು. ಗಾಳಿ ನನ್ನ ಕಡೆಗೆ ತಿರುಗಿತು. ಆ ವಾಸನೆ ಮೂಗಿಗೆ ಬಿದ್ದದ್ದೇ ತಡ, ಸೆರಗಿನಿಂದ ಮುಖ ಮುಚ್ಚಿಕೊಂಡೆ. "ವಾಸ್ನೆ ಆಗಕಿಲ್ವೇನಕ್ಕ?" ಎಂದು ಪಕ್ಕದಲ್ಲಿದ್ದ ಹೆಂಗಸು ಕೇಳಿದಳು. ಹೌದೆಂದು ತಲೆಯಾಡಿಸಿದೆ. ಡಾಂಬರಿನ ವಾಸನೆ ಬಂದಾಗೆಲ್ಲ ನಮ್ಮ ಡ್ರಿಲ್ ಮೇಷ್ಟ್ರು ಕಣ್ಣೆದುರಿಗೆ ಬಂದು ನಿಲ್ಲುತ್ತಾರೆ ಎಂದು ಗುರುತಿಲ್ಲದ ಆಕೆಗೆ ಹೇಗೆ ಹೇಳಲಿ...

ನಮ್ಮೂರಿಗೂ ಟಾರು ರಸ್ತೆಗೂ ನಡುವೆ ಒಂದು ದೊಡ್ಡ ಬಯಲಿತ್ತು. ಯಾವುದೋ ಯುದ್ಧದ ಕಾಲದಲ್ಲಿ ಮಿಲಿಟರಿಯವರು ವಿಮಾನ ಇಳಿಸಲು ನೆಲ ಸಮ ಮಾಡಿ, ಕಲ್ಲು ಹಾಕಿ ಗಟ್ಟಿ ಮಾಡಿದ್ದರಂತೆ. ಯುದ್ಧ ಮುಗಿಯಿತು, ಅವರು ಹೋದರು, ಬಯಲು ಉಳಿಯಿತು. ಈ ಗುಡ್ಡಗಾಡಿನಲ್ಲಿ ಅಷ್ಟು ಚಪ್ಪಟೆ ಜಾಗ ಇನ್ನೆಲ್ಲಿ ಸಿಗಬೇಕು? ನಾವು ಅಲ್ಲಿ ಕಾಫಿ ಒಣಗಿಸಿದೆವು, ರಾಗಿ ಬಡಿದೆವು, ದನ ಮೇಯಿಸಿದೆವು. ಕಾಗದದ ಮೇಲೆ ಅದು ಸರ್ಕಾರದ್ದೇ. ಆದರೆ ಹುಟ್ಟಿದಾಗಿನಿಂದ ಅದನ್ನು ತುಳಿದ ನಮಗೆ ಆ ಯೋಚನೆಯೇ ಬರುತ್ತಿರಲಿಲ್ಲ. ಎಲ್ಲರ ಬಾಯಲ್ಲೂ ಅದು ವಿಮಾನದ ಬಯಲು. ಅದನ್ನು ದಾಟಿದರೆ ಬಸ್ಸು, ಆಸ್ಪತ್ರೆ, ಆಲೂರು, ಹಾಸನ, ಎಲ್ಲ. ದಾಟದಿದ್ದರೆ ಕೆರೆ ಏರಿಯ ಮೇಲೆ ಗುಡ್ಡ ಸುತ್ತಿಕೊಂಡು ಹೋಗಬೇಕು. ಹಾಗೆ ಸುತ್ತುತ್ತಿದ್ದವರು ಮೀನು ಹಿಡಿಯುವವರು ಮಾತ್ರ.

ಮೇಷ್ಟ್ರು ಬಯಲುಸೀಮೆ ಕಡೆಯಿಂದ ನಮ್ಮೂರ ಶಾಲೆಗೆ ಬಂದವರು ಇಲ್ಲೇ ಮನೆ ಮಾಡಿದರು. ಬಿಳಿ ಕ್ಯಾನ್ವಾಸ್ ಶೂ, ಕತ್ತಿನಲ್ಲಿ ಸೀಟಿ, ಇಸ್ತ್ರಿ ಮಾಡಿದ ಚಡ್ಡಿ. ಆ ಚಡ್ಡಿಯನ್ನು ನೋಡಿ ನಮ್ಮ ಅಜ್ಜಿಯಂದಿರು ನಗುತ್ತಿದ್ದದ್ದು ಅವರಿಗೆ ಗೊತ್ತಿತ್ತು. ಗೊತ್ತಿದ್ದೂ ಅದೇ ಚಡ್ಡಿಯಲ್ಲಿ ಊರೆಲ್ಲ ಓಡಾಡುತ್ತಿದ್ದರು. ಶಾಲೆಗೆ ಆಟದ ಮೈದಾನ ಇರಲಿಲ್ಲ. ವಿಮಾನದ ಬಯಲನ್ನೇ ಮೈದಾನ ಮಾಡಿಕೊಂಡರು. ಹೆಣ್ಣುಮಕ್ಕಳು ಓಡುವುದುಂಟೇ ಎಂದು ಮೂಗು ಮುರಿಯುತ್ತಿದ್ದ ಊರಿನಲ್ಲಿ ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿ ಸೀಟಿ ಊದಿದರು. ನಾನು ಓಡಿ ಗೆದ್ದದ್ದಿಲ್ಲ. ಅಂಗಾಲಿಗೆ ಕಲ್ಲು ಒತ್ತುತ್ತದೆಂದು ನೆಪ ಹೇಳಿ ಕಾಫಿ ರಾಶಿಯ ಹಿಂದೆ ಕೂರುತ್ತಿದ್ದೆ. ಆದರೆ ಊರೊಳಗೇ ನನ್ನ ಮದುವೆಯಾಗಿ ಎಷ್ಟೋ ವರ್ಷಕ್ಕೆ ನಮ್ಮ ಪಕ್ಕದ ಮನೆಯ ಹುಡುಗಿ ಅವರ ಕೈಗೆ ಸಿಕ್ಕಳು. ಅವಳು ಓಡಿದರೆ ಒಣಗಲು ಹಾಕಿದ ಕಾಫಿ ಕೆದರುತ್ತಿದ್ದ ಕೈಗಳೆಲ್ಲ ನಿಲ್ಲುತ್ತಿದ್ದವು. ಜಿಲ್ಲೆಗೆ ಹೋಗಿ ಓಡಿ ಬಂದಳು. ಮೇಷ್ಟ್ರಿಗೆ ಮಕ್ಕಳಿರಲಿಲ್ಲ. ಅವಳ ಹೆಸರು ಬಂದರೆ ಅವರ ಮುಖ ಊರಗಲ ಆಗುತ್ತಿತ್ತು.

ಇಲ್ಲಿ ನಮ್ಮ ಕಡೆಯ ಒಂದು ರೂಢಿಯನ್ನು ಹೇಳಬೇಕು. ತೋಟಗಳ ಬಾಯಿಗೆ ಅಡ್ಡಲಾಗಿ ಬಿದಿರ ಗಳ ಸರಿಸಿಟ್ಟಿರುತ್ತೇವೆ, ಅದಕ್ಕೆ ಉಣುಗೋಲು ಎನ್ನುತ್ತೇವೆ. ರೋಗಿಯನ್ನೋ ಹೆಣವನ್ನೋ ಹೊತ್ತು ತಂದವರಿಗೆ ಯಾರ ತೋಟದ ಉಣುಗೋಲಾದರೂ ತೆರೆಯಲೇಬೇಕು. ಕೇಳುವಂತಿಲ್ಲ, ಹೇಳುವಂತಿಲ್ಲ. ನಮ್ಮ ಮಾವನವರಿಗೂ ಮೇಲಿನ ತೋಟದವರಿಗೂ ಬೇಲಿಯ ವಿಷಯದಲ್ಲಿ ಮಾತು ಬಿಟ್ಟು ಕಾಲವಾಗಿತ್ತು. ಆದರೂ ನಮ್ಮ ಅತ್ತೆಯನ್ನು ಕಂಬಳಿಯಲ್ಲಿ ಹೊತ್ತು ಆಸ್ಪತ್ರೆಗೆ ಹೊರಟ ದಿನ ಆ ಮನೆಯ ಯಜಮಾನರೇ ಬಂದು ಗಳ ಎಳೆದು, ಪಕ್ಕಕ್ಕೆ ಸರಿದು ನಿಂತರು. ಮುಖ ಮಾತ್ರ ಆ ಕಡೆ ತಿರುಗಿಸಿಕೊಂಡಿದ್ದರು. ಹೀಗೆ ನಡೆದುಕೊಂಡು ಬಂದಿದ್ದರಿಂದ, ಇನ್ನೊಬ್ಬರ ಜಾಗದಲ್ಲಿ "ನಮಗೆ ದಾರಿ ಐತೆ" ಎಂದು ಬಾಯಿಬಿಟ್ಟು ಹೇಳುವುದು ಜಗಳಗಂಟರ ಮಾತು. ಕೋರ್ಟಿಗೆ ಹೋಗುವವರು ಹಾಗೆ ಹೇಳುತ್ತಾರೆ. ಮರ್ಯಾದಸ್ಥರು ಸುಮ್ಮನೆ ಓಡಾಡುತ್ತಾರೆ, ಅಷ್ಟೆ. ಮೇಷ್ಟ್ರು ಹೊರಗಿನಿಂದ ಬಂದವರಾದರೂ ಈ ರೂಢಿಯನ್ನು ನಮಗಿಂತ ಹೆಚ್ಚಾಗಿ ಮೆಚ್ಚಿಕೊಂಡಿದ್ದರು. ಶಾಲೆಯಲ್ಲಿ ಪಾಠದ ನಡುವೆ ಅದನ್ನೇ ಎತ್ತಿ ಹೊಗಳುತ್ತಿದ್ದರು.

ಅವರ ಹೆಂಡತಿಗೆ ಎದೆನೋವು ಬಂದದ್ದು ಅವರು ನಿವೃತ್ತರಾಗುವ ವರ್ಷ. ಹಾಸನದಲ್ಲಿ ನೋಡಿ, ಮಂಗಳೂರಿಗೆ ಕರೆದುಕೊಂಡು ಹೋಗಿ ಎಂದರು. ದೋಣಿಗಲ್ ದಾಟುವವರೆಗೆ ಆಂಬ್ಯುಲೆನ್ಸ್ ಸರಿಯಾಗಿಯೇ ಹೋಯಿತಂತೆ. ಮಾರನಹಳ್ಳಿಯ ಹತ್ತಿರ ಟ್ಯಾಂಕರ್ ಮಗುಚಿ ಘಾಟಿ ರಸ್ತೆ ಬಂದ್ ಆಗಿತ್ತು. ಹಿಂದೆ ಲಾರಿ, ಮುಂದೆ ಲಾರಿ. ಮೇಷ್ಟ್ರು ಇಳಿದು, ಕತ್ತಿನ ಸೀಟಿ ಊದುತ್ತಾ ಒಂದೊಂದೇ ಲಾರಿಯನ್ನು ಪಕ್ಕಕ್ಕೆ ಸರಿಸಲು ನೋಡಿದರಂತೆ. ತಿರುಗಿ ಬಂದು ಬಾಗಿಲು ತೆಗೆದಾಗ... ಇದನ್ನು ಅವರು ಯಾರಿಗೂ ಪೂರ್ತಿ ಹೇಳಲಿಲ್ಲ. ಅಲ್ಲಿಗೇ ನಿಲ್ಲಿಸಿಬಿಡುತ್ತಿದ್ದರು.

ಆಮೇಲೆ ಅವರ ತಲೆಗೆ ವಿಮಾನ ಹೊಕ್ಕಿತು. ಹಳೆಯ ಮಿಲಿಟರಿ ಬಯಲುಗಳನ್ನು ಜನರ ಬಳಕೆಗೆ ತರಲು ಸರ್ಕಾರ ನೆರವು ಕೊಡುತ್ತದಂತೆ, ಸಣ್ಣ ವಿಮಾನಗಳು ಬಂದಿಳಿಯುತ್ತವಂತೆ, ರೋಗಿಗಳನ್ನು ಎತ್ತಿಕೊಂಡು ಹೋಗುವ ವಿಮಾನವೂ ಇರುತ್ತದಂತೆ ಎಂದು ಎಲ್ಲೋ ಓದಿಕೊಂಡು ಬಂದರು. ಅಲ್ಲಿಂದ ಅವರಿಗೆ ಊಟ ನಿದ್ರೆ ಇಲ್ಲ. ಆಲೂರು, ಹಾಸನ, ಬೆಂಗಳೂರು ಎಂದು ಅಲೆದರು. ಕಚೇರಿಗಳವರು ಅವರನ್ನು ಬಾಗಿಲಲ್ಲಿ ಕಂಡರೆ ಊಟಕ್ಕೆ ಎದ್ದುಬಿಡುತ್ತಿದ್ದರಂತೆ. "ನಮ್ಮ ಕಾಫಿ ಎಲ್ಲಿ ಒಣಗಿಸೋದು ಮೇಷ್ಟ್ರೇ, ವಿಮಾನದ ರೆಕ್ಕೆ ಮೇಲಾ?" ಎಂದು ನಾನೇ ಒಂದು ಸಲ ಕೆಣಕಿದ್ದೆ. ಅವರು ನಗಲಿಲ್ಲ.

"ಕಾಫಿ ಎಲ್ಲಾದ್ರೂ ಒಣಗುತ್ತೆ ಕಣಮ್ಮ. ಘಾಟೀಲಿ ಇನ್ನೊಬ್ರ ಮನೆ ಹೆಣ್ಮಗಳು ಸಾಯ್ಬಾರ್ದು" ಎಂದರು.

ಅದಕ್ಕೆ ಯಾರು ತಾನೇ ಎದುರು ಹೇಳುತ್ತಾರೆ? ಇಡೀ ಊರು ಅವರ ಹಿಂದೆ ನಿಂತಿತು.

ಕೊನೆಗೆ ಮಂಜೂರಾಯಿತು. ಶಾಲೆಯ ಅಂಗಳದಲ್ಲಿ ಸಭೆ ಮಾಡಿದರು. ಬಂದಿದ್ದ ಅಧಿಕಾರಿ ಒಳ್ಳೆಯ ಮನುಷ್ಯನೇ. ನಕ್ಷೆ ಹರಡಿ, ಇಲ್ಲಿ ರನ್‌ವೇ, ಇಲ್ಲಿ ಕಟ್ಟಡ, ಸುತ್ತ ಗೋಡೆ ಎಂದು ನಿಧಾನವಾಗಿ ವಿವರಿಸಿದರು. ಕೊನೆಯಲ್ಲಿ, "ಈ ಜಾಗದ ಮೇಲೆ ನಿಮ್ಮ ಊರಿನವರದು ಯಾವುದಾದರೂ ದಾರಿ ಇದೆಯಾ?" ಎಂದು ಕೇಳಿದರು.

ಊರು ಮೇಷ್ಟ್ರ ಮುಖ ನೋಡಿತು. ಮೇಷ್ಟ್ರು ಎದ್ದು ನಿಂತು, ಎದೆಯುಬ್ಬಿಸಿ ಹೇಳಿದರು. "ದಾರಿ ಅಂತ ಯಾವ್ದೂ ಇಲ್ಲ ಸಾರ್. ಏನೋ ನಾವು ನಾವೇ ಓಡಾಡ್ಕಂಡಿದೀವಿ, ಅಷ್ಟೆ. ಅದಕ್ಕೆಲ್ಲ ನಮ್ಮೂರೋರು ತಕರಾರು ತೆಗೆಯೋರಲ್ಲ."

ಚಪ್ಪಾಳೆ ಬಿತ್ತು. ನಾವೆಲ್ಲ ತಟ್ಟಿದೆವು. ಆ ಹುಡುಗಿಯ ಅಪ್ಪ, ನಮ್ಮ ಪಕ್ಕದ ಮನೆಯವರು, ಎಲ್ಲರಿಗಿಂತ ಜೋರಾಗಿ ತಟ್ಟಿದರು. ಸರ್ಕಾರ ನಮ್ಮ ರೋಗಿಗಳಿಗಾಗಿ ವಿಮಾನ ತರುತ್ತಿರುವಾಗ, ನಮಗೆ ಇಲ್ಲಿ ದಾರಿ ಐತೆ ಎಂದು ಹಕ್ಕು ಸಾಧಿಸಲು ಹೋಗುವುದು ಎಂಥ ಸಣ್ಣತನ ಎಂದೇ ನಮಗೆ ಅನ್ನಿಸಿದ್ದು. ರೋಗಿ ಬಂದರೆ ಗೇಟು ತೆಗೆಯುತ್ತಾರೆ, ಅದನ್ನೂ ಕೇಳಬೇಕೇ? ಬೇರೆ ಯಾವ ಸೀಮೆಯವರಾದರೂ ದಾರಿ ಇದೆ ಎನ್ನುತ್ತಿದ್ದರು. ನಾವು ಇಲ್ಲ ಎಂದೆವು.

ಕೆಲಸ ಬೇಗ ಬೇಗ ನಡೆಯಿತು. ರನ್‌ವೇಗೆ ಡಾಂಬರು ಹಾಕಿದ ದಿನ ಮೇಷ್ಟ್ರು ಬೆಳಗಿನಿಂದ ಸಂಜೆಯವರೆಗೆ ಬಿಸಿಲಲ್ಲಿ ನಿಂತಿದ್ದರು. ರೋಲರ್ ಹೋದ ಮೇಲೆ ಬಗ್ಗಿ ಬೆರಳಿನಿಂದ ಮುಟ್ಟಿ, ಸುಟ್ಟುಕೊಂಡು, ಆ ಬೆರಳನ್ನು ಬಾಯಲ್ಲಿಟ್ಟುಕೊಂಡು ನಕ್ಕರು. ಹೆಂಡತಿ ಹೋದಮೇಲೆ ಅವರು ಹಾಗೆ ನಕ್ಕದ್ದನ್ನು ನಾನು ನೋಡಿದ್ದು ಅದೊಂದೇ ದಿನ. ಅವರ ಬಟ್ಟೆಗೆಲ್ಲ ಆ ವಾಸನೆ ಹತ್ತಿತ್ತು.

ಆಮೇಲೆ ಗೋಡೆ ಎದ್ದಿತು. ನಮ್ಮೂರ ಕಡೆಗೊಂದು ಗೇಟು, ಟಾರು ರಸ್ತೆಯ ಕಡೆಗೊಂದು ಗೇಟು. ದೊಡ್ಡವರು ಬಂದು ರಿಬ್ಬನ್ ಕತ್ತರಿಸಿದರು. ಅವರು ಬಂದದ್ದೇನೋ ವಿಮಾನದಲ್ಲಿಯೇ. ನಾವು ಕೈಬೀಸಿದೆವು, ಅವರೂ ಬೀಸಿದರು. ಆಮೇಲೆ ವಿಮಾನ ಬರಲಿಲ್ಲ. ಇಲ್ಲಿಗೆ ಹಾರಿಸಲು ಯಾವ ಕಂಪನಿಯೂ ಮುಂದೆ ಬಂದಿಲ್ಲ ಎಂದು ಕೆಲವರು, ಮಂಜಿನಲ್ಲಿ ಇಳಿಸುವುದು ಕಷ್ಟ ಎಂದು ಕೆಲವರು ಹೇಳಿದರು. ಮೇಷ್ಟ್ರು ಮಾತ್ರ ಬರುತ್ತೆ, ಬರುತ್ತೆ ಎನ್ನುತ್ತಿದ್ದರು. ನಾವು ಕೆರೆ ಏರಿಯ ಮೇಲೆ ಸುತ್ತಿಕೊಂಡು ಬಸ್ಸಿಗೆ ಹೋಗಲು ಶುರುಮಾಡಿದೆವು. ದಿನ ಬೆಳಗಾದರೆ ಗೊಣಗುತ್ತಿದ್ದೆವು. ಆದರೆ ಮೇಷ್ಟ್ರ ಎದುರಿಗೆ ಯಾರೂ ಗೊಣಗಲಿಲ್ಲ.

ಮದುವೆಯಾಗಿ ಹೋಗಿದ್ದ ಪಕ್ಕದ ಮನೆಯ ಓಟದ ಹುಡುಗಿ ಆಗ ಚೊಚ್ಚಲ ಬಸುರಿ. ನಮ್ಮಲ್ಲಿ ಮೊದಲ ಹೆರಿಗೆ ತವರಿನಲ್ಲೇ ಆಗಬೇಕು. ಮಡಿಲು ತುಂಬಿಸಿ ಕರೆದುಕೊಂಡು ಬಂದರು. ದಿನವೂ ಸಂಜೆ ಹೊಟ್ಟೆ ಹೊತ್ತುಕೊಂಡು ಗೋಡೆಯ ಪಕ್ಕ ನಡೆಯುತ್ತಿದ್ದಳು. ಮೇಷ್ಟ್ರು ಹಿಂದಿನಿಂದ ಸೀಟಿ ಊದಿ, "ಏನವ್ವಾ, ಇಷ್ಟು ನಿಧಾನ?" ಎಂದು ರೇಗಿಸುತ್ತಿದ್ದರು. "ಇಬ್ರನ್ನ ಹೊತ್ಕಂಡು ಓಡ್ತಾ ಇದೀನಿ ಸಾರ್, ನೀವು ಓಡಿ ನೋಡನ" ಎನ್ನುತ್ತಿದ್ದಳು.

ಇನ್ನೂ ದಿನ ತುಂಬಿರಲಿಲ್ಲ. ಬೆಳಗಿನ ತಿಂಡಿಯ ಹೊತ್ತಿಗೆ ರಕ್ತ ಹೋಗಲು ಶುರುವಾಯಿತು. ಅವಳ ತಾಯಿ ಕೂಗಿದ್ದು ಕೇಳಿ ನಾನು ಓಡಿದೆ. ಅವಳ ಅಪ್ಪ ಜೀಪು ತೆಗೆದರು. ಹಿಂದಿನ ಸೀಟಿನಲ್ಲಿ ಅವಳ ತಲೆ ನನ್ನ ತೊಡೆಯ ಮೇಲೆ, ಕಾಲು ಅವಳ ತಾಯಿಯ ತೊಡೆಯ ಮೇಲೆ. ಮೇಷ್ಟ್ರು ಬರಿಗಾಲಲ್ಲೇ ಓಡಿಬಂದು ಮುಂದೆ ಹತ್ತಿದರು. ಮಳೆ ಬಿದ್ದು ಕೆರೆ ಏರಿ ರಾಡಿಯಾಗಿತ್ತು, ಹಿಂದಿನ ದಿನವಷ್ಟೇ ಅಲ್ಲಿ ಟ್ರ್ಯಾಕ್ಟರ್ ಹೂತುಕೊಂಡಿತ್ತು. "ಗೇಟಿಗೆ ಬಿಡು ಮಾರಾಯ, ರೋಗಿ ಅಂದ್ರೆ ತೆಗೀತಾರೆ" ಎಂದರು ಮೇಷ್ಟ್ರು.

ಕಾವಲಿನವನಲ್ಲಿ ಕೀಲಿ ಇರಲಿಲ್ಲ. ಕೀಲಿ ಹಾಸನದಲ್ಲಿ. ಅವನು ಎಲ್ಲಿಯವನೋ ಏನೋ, ನಮ್ಮ ರೂಢಿ ಅವನಿಗೆ ಗೊತ್ತಿರಲಿಲ್ಲ. ಆದರೆ ಜೀಪಿನೊಳಗೆ ಒಂದು ಸಲ ಬಗ್ಗಿ ನೋಡಿದ. ನೋಡಿದವನೇ ತಾನೇ ಕಲ್ಲು ಎತ್ತಿ ತಂದು ಬೀಗಕ್ಕೆ ಬಡಿದ. ಬೀಗ ಒಡೆಯಿತು. ಜೀಪು ರನ್‌ವೇ ಮೇಲೆ ಹತ್ತಿತು. ಅಷ್ಟು ನುಣುಪಾದ ರಸ್ತೆಯ ಮೇಲೆ ಆ ಜೀಪು ಯಾವತ್ತೂ ಓಡಿರಲಿಲ್ಲ. ಅವಳು ಕಣ್ಣು ತೆರೆದು, "ಬಯಲಾ ಅಕ್ಕ?" ಎಂದಳು. ಹೌದು ಕಣೇ, ಬಂದ್ಬುಟ್ವಿ ಅಂದೆ.

ಆಚೆಯ ಗೇಟಿಗೆ ಹೊರಗಿನಿಂದ ಸರಪಳಿ ಸುತ್ತಿ ಬೀಗ ಹಾಕಿತ್ತು. ಅಲ್ಲಿ ಕಾವಲಿರಲಿಲ್ಲ. ಕಂಬಿಗಳ ಸಂದಿಯಲ್ಲಿ ಟಾರು ರಸ್ತೆ ಕಾಣುತ್ತಿತ್ತು, ಆಲೂರಿನ ಬಸ್ಸು ಹೋದದ್ದೂ ಕಂಡಿತು. ಮೇಷ್ಟ್ರು ಕಂಬಿ ಹಿಡಿದು ಸೀಟಿ ಊದಿದರು, ಊದಿದರು, ಊದುತ್ತಲೇ ಇದ್ದರು. ಗೂಡ್ಸ್ ಆಟೋದವನೊಬ್ಬ ನಿಲ್ಲಿಸಿ, ಜಾಕಿನ ರಾಡು ಹಾಕಿ ಸರಪಳಿ ತಿರುಚಿದ. ಗೇಟು ತೆರೆಯುವಷ್ಟರಲ್ಲಿ ಅವಳ ತಾಯಿಯ ಸೀರೆ ದಾಟಿ ನನ್ನ ಸೀರೆಯೂ ರಕ್ತದಲ್ಲಿ ಒದ್ದೆಯಾಗಿತ್ತು... ಆಲೂರಿನ ಆಸ್ಪತ್ರೆಯ ಬಾಗಿಲಲ್ಲಿ ನರ್ಸಮ್ಮ ಕೈಹಿಡಿದು ನೋಡಿ, ಸ್ಟ್ರೆಚರ್ ತರಲು ಹೊರಟಿದ್ದವನನ್ನು ಕಣ್ಣಲ್ಲೇ ತಡೆದಳು. ಮಗುವೂ ಉಳಿಯಲಿಲ್ಲ.

ಬೀಗ ಒಡೆದ ವಿಚಾರ ಕೇಳಲು ಅದೇ ಅಧಿಕಾರಿ ಬಂದರು. ಕೇಸು ಹಾಕುವುದಿಲ್ಲ ಎಂದರು. ತಿಥಿ ಮುಗಿಯದ ಮನೆಯ ಮುಂದೆ ಕುರ್ಚಿ ಹಾಕಿದ್ದರೂ ಕೂರಲಿಲ್ಲ. ನಮಗೊಂದು ದಾರಿ ಬಿಡಿ ಎಂದು ಊರಿನವರು ಕೇಳಿದರು. ಅವರು ನೆಲ ನೋಡುತ್ತಾ ಹೇಳಿದರು. "ಈಗ ಗೋಡೆ ಒಡೆಯಲು ಬರುವುದಿಲ್ಲ. ಅವತ್ತು ಸಭೆಯಲ್ಲಿ ಕೇಳಿದ್ದೆ. ದಾರಿ ಇದೆ ಅಂದಿದ್ದರೆ, ಸರ್ಕಾರದ ನೆರವಿನಲ್ಲೇ ಗೋಡೆಯ ಪಕ್ಕದಲ್ಲಿ ಬದಲಿ ಟಾರು ರಸ್ತೆ ಮಾಡಿಕೊಡಬೇಕಿತ್ತು. ಅದು ನಿಯಮ. ಇಲ್ಲ ಅಂದಿರಿ..."

ಮೇಷ್ಟ್ರು ಕೂತಲ್ಲಿಂದ ಎದ್ದು, ಹುಡುಗಿಯ ಅಪ್ಪನ ಮುಂದೆ ಬಂದು ನಿಂತರು. ಎರಡೂ ಕೈ ಜೋಡಿಸಿದರು.

"ನೀವೊಬ್ರೇ ಹೇಳಿದ್ರಾ ಮೇಷ್ಟ್ರೇ? ನಾವೆಲ್ಲ ಕೂತಿರ್ಲಿಲ್ವಾ?" ಎಂದರು ಅವರು. ಅಷ್ಟೇ. ಅವರು ಬೈದಿದ್ದರೆ ಒಳ್ಳೆಯದಿತ್ತು ಎಂದು ನನಗೆ ಈಗಲೂ ಅನ್ನಿಸುತ್ತದೆ. ಬೈಗುಳವಾದರೆ ಒಂದು ದಿನಕ್ಕೆ ಮುಗಿಯುತ್ತಿತ್ತು.

ಮಾರನೆಯ ದಿನದಿಂದ ಮೇಷ್ಟ್ರು ಕೆರೆ ಏರಿಯ ರಸ್ತೆಗೆ ಕಲ್ಲು ಹಾಕಲು ಶುರುಮಾಡಿದರು. ಬಾಂಡ್ಲಿ, ಹಾರೆ, ತಲೆಗೊಂದು ಟವೆಲ್ಲು. ಮೊದಮೊದಲು ಹಳೆಯ ಶಿಷ್ಯರೆಲ್ಲ ಹೋಗಿ ಕೈಜೋಡಿಸಿದೆವು. ಕಾಫಿ ಕುಯ್ಲು ಬಂತು, ಒಬ್ಬೊಬ್ಬರೇ ನಿಂತೆವು. ನಿಲ್ಲಿಸದೆ ಹೋದವರು ಹುಡುಗಿಯ ಅಪ್ಪ ಒಬ್ಬರೇ. ಇಬ್ಬರೇ ಕಲ್ಲು ಹೊರುತ್ತಿದ್ದರು. ಹಾಕಿದ ಕಲ್ಲನ್ನು ಮಳೆಗಾಲ ಎಳೆದುಕೊಂಡು ಹೋಗುತ್ತಿತ್ತು, ಮಳೆ ನಿಂತ ಮೇಲೆ ಮತ್ತೆ ಹಾಕುತ್ತಿದ್ದರು. ಮೇಷ್ಟ್ರ ಕತ್ತಿನಲ್ಲಿ ಸೀಟಿ ಇರಲಿಲ್ಲ. ವಿಮಾನದ ಮಾತು ಅವರ ಬಾಯಿಂದ ಮತ್ತೆ ಬರಲಿಲ್ಲ. ದಾರಿಯಲ್ಲಿ ನಾನು ಎದುರಾದರೆ ನಿಂತು, ಏನು ಕೇಳಬೇಕೆಂದು ತಿಳಿಯದೆ, "ಹುಷಾರು ಕಣಮ್ಮ, ಜಾರುತ್ತೆ" ಎನ್ನುತ್ತಿದ್ದರು. ಆ ಮನುಷ್ಯನನ್ನು ಹಾಗೆ ನೋಡಲಾರದೆ ನಾನೂ ಬಸ್ಸಿಗೆ ಹೊತ್ತಾಯಿತೆಂದು ಬಿರಬಿರನೆ ಹೋಗಿಬಿಡುತ್ತಿದ್ದೆ.

ಎರಡನೆಯ ಮಳೆಗಾಲ ಮುಗಿಯುವ ಹೊತ್ತಿಗೆ ಜ್ವರ ಬಂದು ಮಲಗಿದರು. ಆಸ್ಪತ್ರೆಗೆ ಬರಲು ಒಪ್ಪಲಿಲ್ಲ. ಎತ್ತಿ ಜೀಪಿಗೆ ಹಾಕಲು ಹೋದವರ ಕೈ ತಳ್ಳಿದರು. ಮಲಗಿದ ಹಾಸಿಗೆಯಲ್ಲೇ ಹೋದರು.

ಸ್ಮಶಾನ ಟಾರು ರಸ್ತೆಯ ಆಚೆಗಿದೆ. ಸುದ್ದಿ ತಿಳಿದು ಆ ಅಧಿಕಾರಿಯೇ ಹಾಸನದಿಂದ ಹೇಳಿ ಕಳಿಸಿ ಎರಡೂ ಗೇಟು ತೆಗೆಸಿದ್ದರು. ಈ ನಿಲ್ದಾಣಕ್ಕಾಗಿ ಅಷ್ಟು ಓಡಾಡಿದವರು, ಅವರ ದೇಹವಾದರೂ ಈ ದಾರಿಯಲ್ಲಿ ಹೋಗಲಿ ಎಂದಿದ್ದರಂತೆ. ಕಾವಲಿನವನು ಟೋಪಿ ತೆಗೆದು ಗೇಟಿನ ಪಕ್ಕ ಸರಿದು ನಿಂತಿದ್ದ. ಅಷ್ಟು ದಿನದಲ್ಲಿ ಅವನೂ ನಮ್ಮ ರೂಢಿ ಕಲಿತಿದ್ದನೋ ಏನೋ. ಚಟ್ಟದ ಮುಂದಿನ ಹೆಗಲು ಹುಡುಗಿಯ ಅಪ್ಪನದು. ಗೇಟಿನ ಹತ್ತಿರ ಬಂದಾಗ ಹಿಂದಿನವರು ಆ ಕಡೆಗೇ ತಿರುಗಿದರು. ಇವರು ತಿರುಗಲಿಲ್ಲ.

"ಬ್ಯಾಡ. ಸುತ್ತಿ ನಡೀರಿ. ಮೇಷ್ಟ್ರು ಹೇಳವ್ರೆ" ಎಂದರು.

ಗೇಟು ಹಾಗೇ ತೆರೆದಿತ್ತು. ಒಳಗೆ ಕಪ್ಪು ರನ್‌ವೇ ಖಾಲಿ ಬಿದ್ದಿತ್ತು. ನಾವು ಗೋಡೆಯ ಪಕ್ಕದಲ್ಲಿ ನಡೆದೆವು. ಹೆಂಗಸರು ಸ್ಮಶಾನಕ್ಕೆ ಹೋಗುವ ರೂಢಿಯಿಲ್ಲ, ಕೆರೆ ಏರಿಯವರೆಗೆ ಹೋಗಿ ನಿಂತೆ. ಹೊತ್ತವರು ಜಾರುತ್ತಾ, ಹೆಗಲು ಬದಲಿಸುತ್ತಾ, ಮೇಷ್ಟ್ರೇ ಹಾಕಿದ ಕಲ್ಲುಗಳ ಮೇಲೆ ಕಾಲಿಟ್ಟು ಹೋದರು. ಅವತ್ತು ಅತ್ತ ಹಾಗೆ ನನ್ನ ಅಪ್ಪ ಹೋದಾಗಲೂ ನಾನು ಅತ್ತಿರಲಿಲ್ಲ.

ಈಗ ಕಲ್ಲು ಹಾಕುವವರಿಲ್ಲ. ಹುಡುಗಿಯ ಅಪ್ಪ ಜೀಪು ಮಾರಿದರು, ಮನೆಯಿಂದ ಹೊರಗೆ ಬರುವುದೇ ಅಪರೂಪ. ದಾರಿ ಕೇಳಿ ಕೊಟ್ಟ ಅರ್ಜಿಗೆ ಪರಿಶೀಲನೆಯಲ್ಲಿದೆ ಎಂಬ ಉತ್ತರ ಬರುತ್ತಿರುತ್ತದೆ. ವಿಮಾನವೂ ಇಲ್ಲ. ನಮ್ಮ ತೋಟಗಳ ಬಾಯಲ್ಲಿ ಉಣುಗೋಲು ಹೋಗಿ ಒಂದೊಂದಾಗಿ ಕಬ್ಬಿಣದ ಗೇಟು ಬರುತ್ತಿವೆ, ಯಾರ ಮೇಲೆ ಯಾರಿಗೂ ನಂಬಿಕೆಯಿಲ್ಲ. ಮೇಷ್ಟ್ರು ಒಂದು ವಿಷಯದಲ್ಲಿ ತಪ್ಪಿದರು ಎನ್ನುವವರು ನಮ್ಮೂರಲ್ಲೇ ಇದ್ದಾರೆ. ನನಗೆ ಅಂಥವರನ್ನು ಕಂಡರೆ ಮೈ ಉರಿಯುತ್ತದೆ. ಮೇಷ್ಟ್ರು ನಮ್ಮನ್ನು ಒಳ್ಳೆಯವರೆಂದು ನಂಬಿದ್ದರು, ಲೋಕವೆಲ್ಲ ನಮ್ಮ ಹಾಗೇ ಇರುತ್ತದೆ ಎಂದುಕೊಂಡರು. ಅಂಥವರು ಇನ್ನು ನಮ್ಮ ಊರಿಗೆ ಬರುವುದಿಲ್ಲ.

ನನ್ನ ಮಗಳು ಹಾಸನದಲ್ಲಿದ್ದಾಳೆ. ಅವಳಿಗೀಗ ಏಳು ತಿಂಗಳು ತುಂಬಿದೆ. ಸೀಮಂತ ಮುಗಿಸಿಕೊಂಡು ಬಂದೆ, ಕರೆದುಕೊಂಡು ಬರಲಿಲ್ಲ. ಮೊನ್ನೆ ಫೋನು ಮಾಡಿ, "ಅವ್ವಾ, ಯಾವಾಗ ಬರ್ತೀಯ ಕರ್ಕಂಡು ಹೋಗಕ್ಕೆ?" ಎಂದಳು. ಬರುವುದಿಲ್ಲ, ನೀನು ಆಸ್ಪತ್ರೆ ಹತ್ತಿರವೇ ಇರು, ನಾನೇ ಅಲ್ಲಿಗೆ ಬಂದು ಇರುತ್ತೇನೆ ಎಂದೆ.

"ಹಂಗಾರೆ ನಂಗೆ ಹೆರಿಗೆಗೆ ತವರು ಇಲ್ವಾ?"

"ಇಲ್ಲ ಕಣವ್ವ" ಎಂದೆ.